ಹೊತ್ತು ಮುಳುಗೋ ದಿಕ್ಕಿಗೆ ಬಿದರ ಹಚ್ಚಿದ್ವಿ

ರಾಯಚೂರಾಗ ಮನಿ ಕಟ್ಟಿಸೋವಾಗ ಎಲ್ಲಾರೂ ವಾಸ್ತು ಕೇಳ್ತಾರ, ಬಿಸಲು ಯಾವ ಗ್ವಾಡಿಗೆ ಬಡೀತದ ಅಂತ ಯಾರೂ ಕೇಳಂಗಿಲ್ಲ. ನಮ್ಮ ಮನಿ ಲಿಂಗಸುಗೂರು ರಸ್ತೆ ಕಡೆ ಒಂದು ಲೇಔಟ್‌ನಾಗ ಅದ, ಬೆಡ್‌ರೂಮು ಎರಡೂ ಪಶ್ಚಿಮಕ್ಕ. ಶಿವರಾತ್ರಿ ದಾಟಿತಂದ್ರ ಮಧ್ಯಾಹ್ನ ಶುರುವಾದ ಬಿಸಲು ಹೊತ್ತು ಮುಳುಗೋತನಾ ಅದೇ ಗ್ವಾಡಿ ಮ್ಯಾಲ, ರಾತ್ರಿ ಊಟ ಆದಮ್ಯಾಲ ಕೈ ಇಟ್ಟು ನೋಡಿದ್ರೂ ಬಿಸಿ. ಏಪ್ರಿಲ್ ಮೇ ಒಳಗ 42, 43 ಡಿಗ್ರಿ ಅಂದ್ರ ನಮಗ ಸುದ್ದೀನೇ ಅಲ್ಲ. ಅದರ ಮ್ಯಾಲ ಬಾಜೂ ಪ್ಲಾಟಿನವ್ರು ಇನ್ನೊಂದು ಅಂತಸ್ತು ಎಬ್ಬಿಸಿದ್ರು, ಅವರ ಕಿಟಕಿ ನೇರ ನಮ್ಮ ಅಡಗಿಮನಿಗೆ. ಹಿಂಗಾಗಿ ನೆಳ್ಳೂ ಬೇಕು, ಮರೀನೂ ಬೇಕು, ಜಾಗ ನೋಡಿದ್ರ ಮನಿಗೂ ಕಂಪೌಂಡಿಗೂ ನಡುವ ಐದು ಫೂಟಿನ ಪಟ್ಟಿ.

ಕೋನೋಕಾರ್ಪಸ್ ಹಾಕ್ರಿ, ಎರಡು ವರ್ಷಕ್ಕ ಹಸರ ಗ್ವಾಡಿ ಆಗ್ತದ ಅಂತ ಕೇಳಿದವ್ರೆಲ್ಲಾ ಹೇಳಿದ್ರು. ಗುಜರಾತ್ ಸರ್ಕಾರ 2023ರಾಗ ಅದನ್ನ ಹಚ್ಚೋದೇ ನಿಷೇಧ ಮಾಡ್ಯದ, ಬೇರು ಪೈಪು ಡ್ರೈನೇಜು ಎಲ್ಲಾ ಹಾಳ ಮಾಡ್ತಾವ ಅಂತ ದೂರು, ನಮ್ಮ ಸಂಪು ನೋಡಿದ್ರ ಆ ಕಡೇನೇ ಅದ, ಬ್ಯಾಡ ಅಂದೆ. ಉದ್ದನ ಅಶೋಕ ಅಂದ್ರು, ಅದು ನಾಲ್ಕು ವರ್ಷಕ್ಕ ಮ್ಯಾಲ ಹೋಗಿ ಕೆಳಗ ಬೋಳ ನಿಲ್ತದ, ಅಡಗಿಮನಿ ಕಿಟಕಿಗೆ ಮರಿ ಬೇಕಾಗಿದ್ದು ಕೆಳಗೇ. ಕಡೀಕ ಬಿದರ ಹಚ್ಚೂಣು ಅಂದೆ. ನಮ್ಮನಿಯವ್ರು ಹೂಂ ಅನ್ಲಿಲ್ಲ ಉಹೂಂ ಅನ್ಲಿಲ್ಲ. ನಮ್ಮತ್ತಿ ಮಾತ್ರ, "ಅಂಗಳದಾಗ ಬಿದರ ಯಾರ ಹಚ್ತಾರವಾ? ಮುಳ್ಳು, ಹಾವು, ಹೂ ಬಿಟ್ರ ಬರಗಾಲ" ಅಂತ ಮೂರೂ ಒಂದೇ ಉಸಿರಿನಾಗ ಹೇಳಿಬಿಟ್ರು.

ಅವರು ಹೇಳಿದ್ದು ಪೂರಾ ಸುಳ್ಳಲ್ರಿ. ಮುಳ್ಳು ಇರೋದು ಹೆಬ್ಬಿದರಿಗೆ, ಅದು ಕಾಡಿಗೆ ಮತ್ತ ಹೊಲದ ಬೇಲಿಗೆ ಸರಿ, ಮನಿ ಮುಂದ ಹಚ್ಚೋ ಜಾತಿಗೆ ಮುಳ್ಳು ಇರಂಗಿಲ್ಲ. ಹೂವಿನ ಮಾತೂ ಹೆಬ್ಬಿದರಿಂದಾನೇ ಬಂದದ್ದು, ನಲವತ್ತು ನಲವತ್ತೈದು ವರ್ಷಕ್ಕೊಮ್ಮೆ ಒಂದು ಸೀಮಿ ಬಿದರೆಲ್ಲಾ ಕೂಡೇ ಹೂ ಬಿಟ್ಟು, ಬಿದರಕ್ಕಿ ಉದುರಿಸಿ, ಮೆಳಿಗೆ ಮೆಳೀನೇ ಸಾಯ್ತದ, ಆ ಅಕ್ಕಿ ತಿಂದು ಇಲಿ ಹೆಚ್ಚಾಗಿ ಆಮ್ಯಾಲ ಹೊಲಕ್ಕ ನುಗ್ತಾವ, ಬರಗಾಲದ ಮಾತು ಅಲ್ಲಿಂದ ಬಂತು. ನಾನು ಹಚ್ಚಬೇಕಂತಿದ್ದ ಹಳದಿ ಬಿದರು ಹೂ ಬಿಡೋದೇ ಅಪರೂಪ. ಹಾವಿನ ಮಾತು ಮಾತ್ರ ಒಪ್ಪಿಕೊಂಡೆ, ಬುಡದಾಗ ಒಣ ಎಲಿ ರಾಶಿ ಬಿಟ್ರ ಇಲಿ ಸೇರ್ತಾವ, ಇಲಿ ಇದ್ದಲ್ಲಿ ಹಾವು ಬರೋದೇ. ಬುಡ ನಾನು ಹಸನ ಇಡ್ತೀನಿ ಅಂದಮ್ಯಾಲ, "ನೋಡೂಣು ಎಷ್ಟ ದಿನ ಇಡ್ತೀ" ಅಂತ ಬಿಟ್ರು.

ಇನ್ನ ಯಾವ ಬಿದರು ಅನ್ನೋದು. ಫೋನ್‌ನಾಗ ಹುಡುಕಿದ್ರ ಮೊದಲು ಬರೋದು ಕರಿ ಬಿದರು, ತೆಳ್ಳನ ಮಿಂಚೋ ಕಾಂಡ, ಕೆಳಗ ಬಿಳಿ ಗುಂಡಗಲ್ಲು. ನೋಡಿದವ್ರು ಮರುಳಾಗೇ ಆಗ್ತಾರ. ಅದು ಫಿಲೋಸ್ಟ್ಯಾಕಿಸ್ ಅನ್ನೋ ಕುಲದ್ದು, ಚೀನಾದ ತಂಪು ಸೀಮಿ ಗಿಡ, ಹಿಮಾ ಬಿದ್ರೂ ತಡೀತದ, ನಮ್ಮ ಮೇ ತಿಂಗಳ ಒಣ ಗಾಳಿ ಮಾತ್ರ ಅದಕ್ಕ ಆಗಿಬರಂಗಿಲ್ಲ. ಅದಕ್ಕಿಂತ ದೊಡ್ಡ ಮಾತು ಅದರ ಗಡ್ಡಿದು. ಬಿದರು ಅಂದ್ರ ಹುಲ್ಲಿನ ಜಾತಿನೇ ಅಲ್ರಿ, ಅದರಾಗ ಎರಡು ಸ್ವಭಾವ: ಒಂದು ನೆಲದ ಕೆಳಗ ಗಡ್ಡಿ ಓಡಿಸ್ಕೊಂತ ಎಲ್ಲೆಲ್ಲೋ ಮೊಳಕಿ ಎಬ್ಬಸ್ತದ, ಎರಿ ಹೊಲದಾಗ ಕರಕಿ ಹುಲ್ಲು ಹೆಂಗ ಹೋಗ್ತದ ಹಂಗ, ಇನ್ನೊಂದು ತನ್ನ ಬುಡದ ಬಾಜೂಕ ಗೇಣು ಮೊಳ ಅಂತರದಾಗ ಮೊಳಕಿ ಬಿಟ್ಟು ಮೆಳಿ ಕಟ್ತದ. ಫಿಲೋಸ್ಟ್ಯಾಕಿಸ್ ಓಡೋ ಪೈಕಿ, ಬ್ಯಾಂಬುಸಾ ಕುಲದವು ಮೆಳಿ ಕಟ್ಟೋ ಪೈಕಿ. ನಮ್ಮ ಕಡೆ ಸೆಕೆಗೆ ಬ್ಯಾಂಬುಸಾನೇ ಸರಿ, ಪುಣ್ಯಕ್ಕ ಬಾಜೂ ಮನಿಯವ್ರ ಟೈಲ್ಸ್ ಕೆಳಗ ಹೋಗಿ ಜಗಳಾ ಹಚ್ಚೋದೂ ಅಲ್ಲ ಅದು.

ತೊಂದ್ರಿ ಏನಂದ್ರ ಹಳದಿ ಕಾಂಡದ್ದು ಎರಡೂ ಕುಲದಾಗ ಅವ, ನರ್ಸರಿಯೊಳಗ ಎರಡಕ್ಕೂ ಗೋಲ್ಡನ್ ಬ್ಯಾಂಬೂ ಅಂತಾನೇ ಕರೀತಾರ. ನಮ್ಮ ಊರ ನರ್ಸರಿಗಳಿಗೆ ಬಹಳಷ್ಟು ಗಿಡ ಆಂಧ್ರದ ಕಡಿಯಂ ಕಡೆಯಿಂದ ಲಾರಿನಾಗ ಬರ್ತಾವ, ಇಳಿಸಿಕೊಂಡವ್ರಿಗೂ ಜಾತಿ ಹೆಸರು ಗೊತ್ತಿರಂಗಿಲ್ಲ, ಅದು ಅವರ ತಪ್ಪೂ ಅಲ್ಲ ಬಿಡ್ರಿ. ನಾನು ಹೋದಾಗ ಹುಡುಗ "ಅಕ್ಕಾರ, ಬ್ಯಾಂಬೂನಾ, ಬರ್ರಿ" ಅಂತ ಮೊದಲು ತೋರ್ಸಿದ್ದು ನೀರಿನ ಗ್ಲಾಸಿನಾಗ ಇಡೋ ಲಕ್ಕಿ ಬ್ಯಾಂಬೂ. ಅದು ಬಿದರೇ ಅಲ್ಲ, ಡ್ರಸೀನಾ ಜಾತಿದು. ಆಮ್ಯಾಲ ಬ್ಯಾಂಬೂ ಪಾಮ್, ಅದೂ ಅಲ್ಲ, ಹೆಸರಿನಾಗೇ ಪಾಮ್ ಅದ. ಹಿಂದ ಮೂಲ್ಯಾಗ ನೆಳ್ಳಿನ ಬಟ್ಟಿ ಕೆಳಗ ನಿಜವಾದ ಬಿದರು ಇದ್ವು.

ಗುರ್ತು ಹಿಡಿಯೋದು ಸರಳ ಅದ, ಯಾರಿಗಾದ್ರೂ ಬೇಕಾಗಬಹುದು ಅಂತ ಹೇಳ್ತೀನಿ. ಗಣಿಕಿ, ಅಂದ್ರ ಕಾಂಡದ ಗಂಟು, ನೋಡ್ರಿ. ಒಂದು ಗಣಿಕಿಗೆ ಎರಡೇ ಟೊಂಗಿ ಇದ್ದು, ಅದರ ಮ್ಯಾಲಿನ ಕಾಂಡಕ್ಕ ಒಂದು ಕಡೆ ಕಾಲುವಿ ತೆಗೆದಂಗ ಚಪ್ಪಟೆ ಇತ್ತಂದ್ರ ಅದು ಫಿಲೋಸ್ಟ್ಯಾಕಿಸ್, ಅಲ್ಲೇ ಬಿಟ್ಟು ಬರ್ರಿ. ಒಂದು ಗಣಿಕಿಗೆ ಗೊಂಚಲು ಟೊಂಗಿ, ಕಾಂಡ ಸುತ್ತಾ ದುಂಡಗ ಇತ್ತಂದ್ರ ಬ್ಯಾಂಬುಸಾ. ಹಳದಿ ಕಾಂಡದ ಮ್ಯಾಲ ಹಸರ ಪಟ್ಟಿ, ಬಣ್ಣ ಬಳದಂಗ ಇರ್ತದಲ್ಲ, ಪಾರ್ಕಿನಾಗ ನೋಡಿರ್ತೀರಿ, ಅದು ಬ್ಯಾಂಬುಸಾ ವಲ್ಗ್ಯಾರಿಸ್ ವಿಟ್ಟಾಟಾ.

ನೋಡಿದ ಕೂಡಲೇ ಅದನ್ನೇ ಐದು ಫೂಟಿನ ಪಟ್ಟಿಗೆ ಸಾಲ ಹಚ್ಚಬೇಕು ಅಂತ ಆಸೆ ಆಗ್ತದ. ಆದ್ರ ಅದು ನೀರು ಸಿಕ್ಕರ ಮೂವತ್ತು ನಲವತ್ತು ಫೂಟು ಹೋಗೋ ಗಿಡ, ಗಳ ಮುಂಗೈ ಗಾತ್ರ ಆಗ್ತಾವ, ಮೆಳಿ ಎಂಟು ಹತ್ತು ಫೂಟು ಅಗಲ ಕೂಡ್ತದ. ಪಟ್ಟಿಗೆ ಅದು ಅಲ್ಲವೇ ಅಲ್ಲ. ಅಲ್ಲಿಗೆ ಬ್ಯಾಂಬುಸಾ ಮಲ್ಟಿಪ್ಲೆಕ್ಸ್ ತಗೊಂಡೆ, ಬೇಲಿ ಬಿದರು ಅಂತಾರ, ಗಳ ಬೆರಳಿನಷ್ಟೇ ದಪ್ಪ, ಹದಿನೈದು ಇಪ್ಪತ್ತು ಫೂಟು ಹೋದ್ರ ಹೆಚ್ಚು, ಎಲಿ ಸಣ್ಣವು, ಬುಡದಿಂದಾನೇ ತುಂಬಿ ಬರ್ತದ. ಹಳದಿ ವಿಟ್ಟಾಟಾ ಒಂದೇ ಒಂದು, ಮುಂದಿನ ಮೂಲಿಗೆ, ಅದೂ ಕರೆಂಟಿನ ವಾಯರ್ ಇಲ್ಲದ ಕಡೆ. ಇನ್ನ ಬುದ್ಧನ ಹೊಟ್ಟಿ ಬಿದರು ಅಂತ ಒಂದು, ಗಣಿಕಿ ಗಣಿಕಿ ನಡುವ ಉಬ್ಬಿ ಬರ್ತದ, ಅದನ್ನ ನಮ್ಮನಿಯವ್ರು ಆರಿಸಿದ್ರು, ಅಲ್ಲಿತನಕ ಮಾತಾಡದವ್ರು. ಅದು ಕುಂಡ್ಯಾಗೇ ಇರಬೇಕು. ನೆಲಕ್ಕ ಹಚ್ಚಿ ನೀರು ಗೊಬ್ಬರ ಚೊಲೋ ಕೊಟ್ರ ಹೊಟ್ಟಿ ಬಿಡಂಗಿಲ್ಲ, ನೆಟ್ಟಗ ಎದ್ದು ಸಾದಾ ಬಿದರ ಆಗ್ತದ. ಬೇರಿಗೆ ಜಾಗ ಇಕ್ಕಟ್ಟಾಗಿ ನೀರು ಸೊಲ್ಪ ಕಡಿಮಿ ಬಿದ್ದಾಗೇ ಉಬ್ಬೋದು.

ಸಸಿ ಆರಿಸೋವಾಗ ಹುಡುಗ ಎತ್ತರ ಇದ್ದದ್ದು ಮುಂದ ಮಾಡಿದ, ರೇಟೂ ಎತ್ತರದ ಮ್ಯಾಲೇ. ನಾನು ಎತ್ತರ ನೋಡ್ಲಿಲ್ಲ, ಪ್ಯಾಕೆಟ್ ಬುಡ ನೋಡಿದೆ. ಬಿದರಿನ ತುಂಡು ಮಣ್ಣಿಗೆ ಚುಚ್ಚಿದ್ರ ಬೇರು ಬರೋಕಿಂತ ಮೊದಲು ಎಲಿ ಬರ್ತಾವ, ತನ್ನೊಳಗಿನ ಸತ್ವದ ಮ್ಯಾಲೇ ಚಿಗುರಿರ್ತದ, ಹಸರಂತ ಮನಿಗೆ ತಂದ್ರ ತಿಂಗಳದಾಗ ಒಣಗ್ತದ. ದಪ್ಪನ ಒಂಟಿ ತುಂಡಿಗಿಂತ, ಬುಡದಿಂದ ಹೊಸದಾಗಿ ಕಡ್ಡಿಯಂಥಾ ಮೂರು ನಾಲ್ಕು ಗಳ ಎದ್ದಿದ್ದು ನೋಡಿ ತಗೋಬೇಕು, ಅಂದ್ರ ಕೆಳಗ ಗಡ್ಡಿ ಕೂತದ ಅಂತ ಅರ್ಥ. ಹಂಥಾವು ಸಣ್ಣ ಸಸಿ ಇದ್ವು, ಅಗ್ಗಾನೂ ಆದ್ವು.

ಹಚ್ಚೋದು ಜೂನಿನಾಗ ಅಂತ ಎಲ್ಲಾ ಕಡೆ ಬರೀತಾರ. ನಮ್ಮಲ್ಲಿ ಜೂನ್ ನಂಬೋ ಹಂಗಿಲ್ಲ, ಒಂದು ದೊಡ್ಡ ಮಳಿ ಬಂದು ಹದಿನೈದು ದಿನ ಕಾಯಿಸ್ತದ, ಜೋರು ಮಳಿ ಬರೋದು ಆಗಸ್ಟ್ ಸೆಪ್ಟೆಂಬರಿಗೆ. ತೆಗ್ಗು ಬ್ಯಾಸಗ್ಯಾಗೇ ತೋಡಿಸಿ ಬಿಸಲಿಗೆ ಬಿಟ್ಟಿದ್ವಿ, ಎರಡು ಫೂಟು ಉದ್ದ ಅಗಲ ಆಳ, ಮಳಿ ಹಿಡಿದು ಬಂದಮ್ಯಾಲ ಹಚ್ಚಿದ್ವಿ. ಎರಿ ಮಣ್ಣಿನ ಗುಣ ನಿಮಗ ಗೊತ್ತಲ್ಲ, ಹಸಿ ಇದ್ದಾಗ ಕೆಸರು, ಒಣಗಿದ್ರ ಕೈ ಹೋಗೋವಷ್ಟು ಬಿರುಕು, ಬಿರುಕು ಬಿಟ್ಟಾಗ ಎಳೆ ಬೇರು ಹರೀತಾವ, ನೀರು ನಿಂತಾಗ ಕೊಳೀತಾವ. ಅದಕ್ಕ ತೆಗ್ಗಿನ ಮಣ್ಣಿಗೆ ಮರಂ, ತಿಪ್ಪಿ ಗೊಬ್ಬರ, ರೈಸ್ ಮಿಲ್ಲಿನಿಂದ ಚೀಲದಾಗ ತಂದ ಭತ್ತದ ಹೊಟ್ಟು, ಗೆದ್ದಲಿಗೆ ಅಂತ ಬೇವಿನ ಹಿಂಡಿ ಕಲಸಿ, ನೆಲದಿಂದ ಒಂದು ಗೇಣು ಎತ್ತರ ದಿಬ್ಬ ಮಾಡಿ ಹಚ್ಚಿದ್ವಿ. ಮಿಲ್ಲಿನ ಸುಟ್ಟ ಬೂದಿ ಪುಕ್ಕಟೆ ಕೊಡ್ತೀವಿ ಒಯ್ರಿ ಅಂದ್ರು, ಬ್ಯಾಡ ಅಂದೆ, ಬೂದಿ ಮಣ್ಣಿನ ಕ್ಷಾರ ಏರಿಸ್ತದ, ನಮ್ಮ ಮಣ್ಣಿನ ಪಿಎಚ್ ಮೊದಲೇ ಎಂಟರ ಮ್ಯಾಲ. ಗಿಡದಿಂದ ಗಿಡಕ್ಕ ಮೂರು ಫೂಟು, ಮನಿ ಗ್ವಾಡಿಯಿಂದ ದೂರ ಕಂಪೌಂಡ್ ಕಡೆ ಸರಿಸಿ. ಬಿದರಿಗೆ ತಾಯಿಬೇರು ಇಲ್ಲ, ಇದ್ದ ಬೇರೆಲ್ಲಾ ಮ್ಯಾಲಿನ ಒಂದು ಎರಡು ಫೂಟಿನಾಗೇ, ಪಾಯಾ ಎಬ್ಬಸ್ತದ ಅನ್ನೋ ಹೆದರಿಕಿ ಬ್ಯಾಡ. ಆದ್ರೂ ಸಂಪಿನ ಹತ್ರ ಒಂದು ಸಸಿ ಜಾಗ ಖಾಲಿ ಬಿಟ್ವಿ, ಯಾವಾಗರೆ ಅಗಿಯೋದು ಬಂದ್ರ ಕೆಲಸಗಾರ್ರಿಗೆ ದಾರಿ ಬೇಕಲ್ಲ.

ಮೊದಲನೇ ವರ್ಷ ಬಿದರು ಏನೂ ಮಾಡಂಗಿಲ್ಲ. ಮ್ಯಾಲ ನೋಡಿದ್ರ ತಂದಾಗ ಹೆಂಗಿತ್ತೋ ಹಂಗೇ, ಎಲ್ಲಾ ಕೆಲಸ ಕೆಳಗ ಗಡ್ಡ್ಯಾಗ. ಅತ್ತಿ ದಿನಾ ಸಂಜಿಕ ಹಾದುಹೋಗೋವಾಗ "ನಿನ್ನ ಬಿದರಿಗಿಂತ ನನ್ನ ತುಳಸಿ ಎತ್ತರ ಅದ ನೋಡು" ಅಂತಿದ್ರು. ಖರೇನೇ ಇತ್ತು.

ಬ್ಯಾಸಗಿ ಬಂತು, ಅಲ್ಲಿಂದ ನೀರಿನ ಕಥಿ. ನಮ್ಮ ಬೋರಿನ ನೀರು ಗಡಸು, ಬಕೇಟಿಗೆ ಬಿಳಿ ಪದರ ಕೂಡ್ತದ. ಮಾರ್ಚಿನಾಗ ಎಲಿ ತುದಿ ಕಂದು ಆಗಿ ಸುಟ್ಟಂಗಾಗೋದು ಶುರುವಾತು, ಮಣ್ಣಿನ ಮ್ಯಾಲ ಬೆಳ್ಳಗ ಸವಳು. ಬಿಸಲಿಗೆ ಅಂತ ಎಲ್ಲಾರೂ ಅಂದ್ರು. ಬಿಸಲಲ್ಲ ಉಪ್ಪು. ದಿನಾ ಸೊಲ್ಪ ಸೊಲ್ಪ ನೀರು ಚಿಮುಕಿಸಿದ್ರ ನೀರು ಆವಿಯಾಗಿ ಉಪ್ಪು ಅಲ್ಲೇ ಉಳೀತದ. ಅದಕ್ಕ ದಿನಾ ಬಿಡೋದು ಬಿಟ್ಟು ಎರಡು ಮೂರು ದಿನಕ್ಕೊಮ್ಮೆ ಬುಡ ಪೂರಾ ನೆನೆಯೋ ಹಂಗ ಬಿಟ್ವಿ, ನಳದ ನೀರು ಬಂದ ದಿನ ಅದನ್ನೇ ಗಟ್ಟಿ ಹರಿಸಿ ಉಪ್ಪು ಕೆಳಗ ಇಳಿಸಿದ್ವಿ, ಎಸಿಯಿಂದ ಹನಿಯೋ ನೀರು ಕುಂಡೀಗೆ. ಆರ್‌ಓ ಮಷೀನಿನ ವೇಸ್ಟ್ ನೀರು ಗಿಡಕ್ಕ ಹಾಕ್ತಾರ ಬಹಳ ಮಂದಿ, ಅದರಾಗ ಉಪ್ಪು ಬೋರಿನದಕ್ಕಿಂತ ಹೆಚ್ಚು ಇರ್ತದ, ಬಿದರಿಗಂತೂ ಬ್ಯಾಡ, ಬಚ್ಚಲಾ ತೊಳೀರಿ ಅದರಾಗ.

ನೀರು ಸಾಕಾಗ್ಯದೋ ಇಲ್ಲೋ ಅಂತ ಬಿದರು ತಾನೇ ಹೇಳ್ತದ. ಮಧ್ಯಾಹ್ನ ಬಿಸಲಿಗೆ ಎಲಿ ಉದ್ದಕ್ಕ ಸುರುಳಿ ಸುತ್ತಿ ಸೂಜಿ ಆಗ್ತಾವ, ನೀರು ಉಳಿಸ್ಕೊಳ್ಳಾಕ. ಅದನ್ನ ನೋಡಿ ಪೈಪ್ ಹಿಡ್ಕೊಂಡು ಓಡಬಾರದು. ಸಂಜಿ ತಂಪಿಗೆ ಬಿಚ್ಚಿಕೊಂಡ್ರ ಎಲ್ಲಾ ಬರೋಬ್ಬರಿ ಅದ. ಮುಂಜಾನೆ ಎದ್ದು ನೋಡಿದಾಗೂ ಸುರುಳೀನೇ ಇತ್ತಂದ್ರ ಆಗ ನೀರು ಬೇಕು.

ಎರಡನೇ ತೊಂದ್ರಿ ಬಣ್ಣದ್ದು. ಹೊಸ ಎಲಿ ಹಳದಿ, ನಡುವ ನರ ಮಾತ್ರ ಹಸರ ಗೀಟು. ಯೂರಿಯಾ ಹಾಕ್ರಿ ಅಂದ್ರು. ಸಾರಜನಕ ಕಡಿಮಿ ಇದ್ರ ಹಳೇ ಎಲಿ ಮೊದಲು ಹಳದಿ ಆಗಬೇಕು, ಇಲ್ಲಿ ಹೊಸಾವು ಆಗಿದ್ವು, ಅಂದ್ರ ಕಬ್ಬಿಣದ ಕೊರತಿ. ಸುಣ್ಣದ ಅಂಶ ಇರೋ ಎರಿ ಮಣ್ಣಿನಾಗ ಕಬ್ಬಿಣ ಇದ್ರೂ ಬೇರಿಗೆ ಸಿಗಂಗಿಲ್ಲ, ಮಣ್ಣಿಗೆ ಹಾಕಿದ್ದೂ ಅಲ್ಲೇ ಕಟ್ಟಿಕೊಂಡು ಬಿಡ್ತದ. ಗೊಬ್ಬರದ ಅಂಗಡ್ಯಾಗ ಅನ್ನಭೇದಿ, ಅಂದ್ರ ಫೆರಸ್ ಸಲ್ಫೇಟ್, ಸಿಗ್ತದ, ಲೀಟರಿಗೆ 5 ಗ್ರಾಂ, ಜೊತಿಗೆ ಒಂದು ಗ್ರಾಂ ಸಿಟ್ರಿಕ್ ಆಸಿಡ್, ಸಂಜಿಕ ಎಲಿ ಮ್ಯಾಲ ಹೊಡಿಯೋದು. ವಾರ ಬಿಟ್ಟು ಇನ್ನೊಮ್ಮೆ. ಟೈಲ್ಸ್ ಮ್ಯಾಲ ಬಿದ್ರ ತುಕ್ಕಿನ ಕಲಿ ಆಗ್ತದ, ಹಳೇ ಸೀರಿ ಹಾಸಿ ಹೊಡೀರಿ.

ಮಾರ್ಚ್ ಏಪ್ರಿಲ್‌ನಾಗ ಹಳೇ ಎಲಿ ಉದುರೋದು ರೋಗ ಅಲ್ಲ. ನಾನು ಅತ್ತಿಗೆ ಕೊಟ್ಟ ಮಾತಿನ ಪ್ರಕಾರ ದಿನಾ ಕಸಬರಗಿ ಹಿಡಿದೆ, ಆದ್ರ ಎಲಿ ಕಸಕ್ಕ ಹಾಕ್ಲಿಲ್ಲ, ಕೈಲೆ ಮುರಿದು ತೆಳ್ಳಗ ಬುಡಕ್ಕೇ ಹರವಿದೆ, ಅದರಾಗ ಸಿಲಿಕಾ ಬಹಳ ಇರ್ತದ, ಬಿದರಿನ ಗಟ್ಟಿತನಕ್ಕ ಅದೇ ಬೇಕಾದದ್ದು, ಭತ್ತದ ಹೊಟ್ಟಿನಾಗೂ ಅದೇ. ತೆಳ್ಳಗ ಇದ್ರ ಇಲಿ ಕೂಡಂಗಿಲ್ಲ. ಒಣ ಸೆಕೆಗೆ ಎಲಿ ಹಿಂದ ನುಸಿ ಕೂಡ್ತದ, ಎಲಿ ಮ್ಯಾಲ ಸಣ್ಣ ಬಿಳಿ ಚುಕ್ಕಿ ಕಾಣ್ತಾವ, ಪೈಪಿಗೆ ಬೊಟ್ಟು ಹಚ್ಚಿ ಜೋರಾಗಿ ಎಲಿ ಕೆಳಮೈಗೆ ನೀರು ಹೊಡದ್ರ ಮುಗೀತು.

ಮರುವರ್ಷ ಮಳಿ ಶುರುವಾಗಿ ಸೊಲ್ಪ ದಿನಕ್ಕ ಮುಂದಿನ ಮೂಲ್ಯಾಗ ನೆಲ ಉಬ್ಬಿತು. ಕರಿ ಕಂದು ಕೂದಲಿನ ಟೊಪಗಿ ಹಾಕಿದ್ದ ಮೊಳಕಿ, ಹಳೇ ಗಳ ಬೆರಳಿನಷ್ಟು ಇದ್ರ ಇದು ಅದರ ಎರಡು ಪಟ್ಟು ದಪ್ಪ. ಬಿದರಿನ ಗಳ ಹುಟ್ಟುವಾಗ ಎಷ್ಟು ದಪ್ಪ ಇರ್ತದೋ ಸಾಯೋತನಾ ಅಷ್ಟೇ, ಮರ ಬಲಿತಂಗ ವರ್ಷಾ ವರ್ಷಾ ದಪ್ಪ ಆಗಂಗಿಲ್ಲ, ಎರಡು ಮೂರು ತಿಂಗಳದಾಗ ಪೂರಾ ಎತ್ತರ ಮುಗಿಸಿ ಆಮ್ಯಾಲ ಟೊಂಗಿ ಎಲಿ ಬಿಡ್ತದ. ಗಿಡ ದೊಡ್ಡದಾಗೋದು ಅಂದ್ರ ಪ್ರತಿ ಮಳಿಗಾಲಕ್ಕ ಬರೋ ಹೊಸ ಗಳ ಹಳೇದಕ್ಕಿಂತ ದಪ್ಪ ಬರೋದು. ಬಾಜೂ ಮನಿ ಹುಡುಗ ಮುಟ್ಟಾಕ ಹೋದ, ಆ ಕೂದಲು ಸುಂಕು, ಚರ್ಮಕ್ಕ ಚುಚ್ಚಿ ತುರಿಸ್ತದ, ಅವರವ್ವ ಬಂದು ಏನ್ರಿ ಇದು ಅಂತ ಕೇಳಿದ್ರು. ಇಷ್ಟು ಎಳೇದನ್ನ ಮಲೆನಾಡಿನವ್ರು ಕಳಲೆ ಅಂತ ನೀರಾಗ ನೆನಸಿ ಕುದಿಸಿ ಪಲ್ಯಾ ಮಾಡ್ತಾರ, ಹಸೀದು ತಿಂದ್ರ ವಿಷ. ನಮ್ಮ ಕಡೆ ಯಾರೂ ತಿನ್ನಂಗಿಲ್ಲ, ನಾನೂ ಕಡಿಯಾಕ ಮನಸ್ಸ ಮಾಡ್ಲಿಲ್ಲ, ಒಂದು ವರ್ಷ ಕಾದದ್ದು ಪಲ್ಯಾಕ್ಕ ಅಲ್ಲ.

ಅವತ್ತಿಂದ ಅತ್ತಿ ತುಳಸಿ ಮಾತು ತೆಗೀಲಿಲ್ಲ. ಮುಂಜಾನೆ ಚಾ ಕುಡಿದು ಮೊದಲು ಅವರೇ ಹೋಗಿ ಎಷ್ಟು ಏರ್ಯದ ಅಂತ ಗ್ವಾಡಿಗೆ ಸೀಮೆಸುಣ್ಣದಲೆ ಗೀಟು ಎಳೀತಿದ್ರು.

ಮಲ್ಟಿಪ್ಲೆಕ್ಸ್ ಸಾಲು ಮೂರನೇ ಮಳಿಗಾಲಕ್ಕ ಕಿಟಕಿ ಮುಚ್ಚಿತು. ಈಗ ಗ್ವಾಡಿ ಸಂಜಿಗೆ ಮುಟ್ಟೋ ಹಂಗ ಇರ್ತದ, ರಾತ್ರಿ ಫ್ಯಾನಿನ ಗಾಳಿ ಗಾಳಿಯಂಗ ಬರ್ತದ. ಎತ್ತರ ಎಷ್ಟು ಬೇಕೋ ಅಲ್ಲಿಗೆ ಗಣಿಕಿ ಮ್ಯಾಲ ಕತ್ತರಿಸಿದ್ರ ಆ ಗಳ ಮತ್ತ ಎತ್ತರ ಹೋಗಂಗಿಲ್ಲ, ಬಾಜೂಕ ಟೊಂಗಿ ಒಡೀತದ, ಬೇಲಿಗೆ ಅದೇ ಬೇಕು. ಮುಂಗಾರಿಗಿಂತ ಮೊದಲು ಬರೋ ಗಾಳಿ ಮಳಿಗೆ ಸಾಲು ಪೂರಾ ಬಾಗಿ ಮತ್ತ ಏಳ್ತದ, ಮುರಿದದ್ದಿಲ್ಲ. ಸಪ್ಪಳ ಮಾತ್ರ ಇರ್ತದ, ಹೊಸದಾಗಿ ಬಂದ ಬೀಗರಿಗೆ ನಿದ್ದಿ ಬರಂಗಿಲ್ಲ.

ಕಡಿಯೋ ಸುದ್ದಿ ಬಂದಾಗ ಬಾಜೂದವ್ರು ಫಾರೆಸ್ಟಿನವ್ರ ಪರವಾನಗಿ ಬೇಕಲ್ಲ ಅಂದ್ರು. ಮೊದಲು ಕಾನೂನಿನಾಗ ಬಿದರು ಮರದ ಲೆಕ್ಕದಾಗ ಇತ್ತು, 2017ರಾಗ ಭಾರತೀಯ ಅರಣ್ಯ ಕಾಯ್ದೆ ತಿದ್ದಿ ಮರದ ವ್ಯಾಖ್ಯೆಯಿಂದಾನೇ ಬಿದರು ತೆಗದ್ರು, ನಮ್ಮ ರಾಜ್ಯದ ನಿಯಮ ಏನದ ಅಂತ ಮಾತ್ರ ಬ್ಯಾರೆ ಕೇಳಿಕೊಳ್ಳೋದು ಚೊಲೋ. ಮಳಿಗಾಲದಾಗ ಕಡೀಬಾರದು, ಚಳಿಗಾಲಕ್ಕ ಮೂರು ವರ್ಷ ದಾಟಿದ ಗಳ ಮಾತ್ರ ಒಳಗಿನಿಂದ ತೆಗೀಬೇಕು, ಹೊಸಾವು ಹೊರಸುತ್ತಿನಾಗ ಇರ್ತಾವ, ಮುಂದಿನ ಮೊಳಕಿಗೆ ಅವೇ ಊಟ ಹಾಕೋದು. ಕಡಿದ ಬುಡ ಗಣಿಕಿ ಬಿಟ್ಟು ಮ್ಯಾಲ ಉಳಿಸಿದ್ರ ಅದು ಲೋಟ ಇದ್ದಂಗ, ನೀರು ನಿಂತು ಡೆಂಗಿ ಸೊಳ್ಳಿ ಮರಿ ಆಗ್ತಾವ, ಗಣಿಕಿಗೆ ಸರಿಯಾಗಿ ಕಡೀಬೇಕು.

ಬುಟ್ಟಿ, ಕಾಳು ಕೇರೋ ಮರ ಹೆಣೆಯೋ ಮ್ಯಾದಾರ ಅಜ್ಜ ಒಬ್ರು ಹಳದಿ ಗಳ ನೋಡಾಕ ಬಂದಿದ್ರು, ಬೇಕಾದ್ರ ಒಯ್ರಿ ಅಂದಿದ್ದೆ. ಎರಡು ಕೈಲೆ ಹಿಚುಕಿ ನೋಡಿ, "ಯವ್ವಾ, ಇದು ಚಂದಕ್ಕ ಅಷ್ಟ. ಇದರಾಗ ಹಿಟ್ಟು ಬಹಳ, ಆರು ತಿಂಗಳದಾಗ ಹುಳ ಬಿದ್ದು ಪುಡಿ ಉದುರ್ತದ" ಅಂದ್ರು. ಖರೇ, ಈ ಜಾತಿ ಗಳದಾಗ ಪಿಷ್ಟ ಹೆಚ್ಚು, ಅದಕ್ಕೇ ಕುಟ್ಟೆ ಹುಳ ಹತ್ತೋದು. ಬೇಲಿ ಬಿದರಿನ ಸಣ್ಣ ಗಳ ಮಾತ್ರ ಒಂದು ಹೊರಿ ಒಯ್ದ್ರು, ಉಳಿದಾವು ನಮ್ಮ ಟೊಮ್ಯಾಟೊ ಗಿಡಕ್ಕ ಆಸರ ಆದ್ವು. ಮುಂದಿನ ಯುಗಾದಿಗೆ ಬಂದಾಗ ನಮ್ಮತ್ತಿಗೆ ಒಂದು ಮರ ಹೆಣೆದು ತಂದು ಕೊಟ್ರು, ಅದು ಬ್ಯಾರೆ ಬಿದರಿಂದು.

ಬುದ್ಧನ ಹೊಟ್ಟಿ ಇನ್ನೂ ಹೊಟ್ಟಿ ಬಿಟ್ಟಿಲ್ಲ. ನಮ್ಮನಿಯವ್ರು ಪಾಪ ಬಾಡ್ಯದ ಅಂತ ಯಾರೂ ಇಲ್ಲದಾಗ ಹೋಗಿ ನೀರು ಹಾಕಿ ಬರ್ತಾರ, ಹಿಂಗಾದ್ರ ಅದು ಉಬ್ಬೋದು ಯಾವಾಗ. ಬಾಜೂ ಮನಿ ಕಾಕಾರು, ಕಿಟಕಿ ಯಾರದೋ ಅವ್ರೇ, ತಮಗೂ ನಾಲ್ಕು ಸಸಿ ಬೇಕು ಅಂತಾರ. ಬೇಲಿ ಬಿದರು ಬುಡ ಸೀಳಿ ಕೊಡೋದು, ಹಳದಿದಾದ್ರ ಎರಡು ಗಣಿಕಿ ತುಂಡು ಮಾಡಿ ಮಣ್ಣಿನಾಗ ಅಡ್ಡ ಮಲಗಿಸೋದು, ಎರಡೂ ಕೆಲಸ ಫೆಬ್ರುವರಿ ಮಾರ್ಚಿಗೇ ಆಗಬೇಕು, ಮೊಳಕಿ ಏಳೋಕಿಂತ ಮೊದಲು. ಶಿವರಾತ್ರಿ ಆದಮ್ಯಾಲ ಗುದ್ದಲಿ ತಗೊಂಡು ಬರ್ರಿ ಅಂತ ಹೇಳೀನಿ, ಗಡ್ಡಿ ಬಹಳ ಗಟ್ಟಿ ಅದ, ನಮ್ಮನ್ಯಾಗ ಅಗಿಯೋರು ಯಾರೂ ಇಲ್ಲ.